ಎಂಟನೆಯ ಕಂತಿನ ಪ್ರಾಯಶ್ಚಿತ್ತ

ಕ್ರೈಸ್ತ ಕಥೆ ಬರೆಯುವವನ ಕಷ್ಟ ಬೇರೆ ಕಥೆಗಾರರಿಗೆ ಇಲ್ಲ. ಅವರ ಕಥೆಯಲ್ಲಿ ಕೊನೆಗೆ ಏನು ಬೇಕಾದರೂ ಆಗಬಹುದು. ನಾಯಕ ಸಾಯಬಹುದು, ನಾಯಕಿ ಓಡಿಹೋಗಬಹುದು, ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ನಿಂತುಬಿಡಬಹುದು. ಓದುಗರು ಅದರಲ್ಲೇ ಏನೋ ಅರ್ಥ ಹುಡುಕಿಕೊಳ್ಳುತ್ತಾರೆ. ನಮ್ಮ ಚರ್ಚಿನ ಮಾಸಪತ್ರಿಕೆಯಲ್ಲಿ ಆ ಸ್ವಾತಂತ್ರ್ಯ ಇಲ್ಲ. ಯಾರು ಯಾರಿಗೆ ಏನೇ ಮಾಡಿರಲಿ, ಕೊನೆಯ ಪ್ಯಾರಾದೊಳಗೆ ಒಬ್ಬರು ಕ್ಷಮೆ ಕೇಳಬೇಕು, ಇನ್ನೊಬ್ಬರು ಕೊಡಬೇಕು, ದೂರದಲ್ಲಿ ಗಂಟೆ ಬಾರಿಸಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಬರೆಯಲು ಒಪ್ಪಿಕೊಂಡೆ. ಕೇಳಿದವರ ಮಾತು ಮುಗಿಯುವ ಮೊದಲೇ ತಲೆಯಾಡಿಸಿದೆ. ಬರೆಯುವ ಚಪಲ ಇರುವವರೆಲ್ಲ ಹೀಗೆಯೇ. ಮದುವೆಮನೆಯಲ್ಲಿ ಹಾಡುವವರು ಗಂಟಲು ಸರಿಯಿಲ್ಲ ಎನ್ನುತ್ತಲೇ ಎದ್ದು ನಿಲ್ಲುವುದಿಲ್ಲವೇ, ಹಾಗೆ.

ಕೇಳಿದವರು ನಮ್ಮ ಚರ್ಚಿನ ಫಾದರ್. ಪೂಜೆ ಮಾಡುವವರೂ ಅವರೇ, ಪತ್ರಿಕೆಯ ಸಂಪಾದಕರೂ ಅವರೇ. ನಾನು ಹೂಟಗಳ್ಳಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳ ನಡುವೆ ಕಳೆದು ನಿವೃತ್ತನಾದವನು. ಆಗೀಗ ಹಬ್ಬದ ಸಂಚಿಕೆಗೆ ಪದ್ಯ ಬರೆದದ್ದುಂಟು. ಫಾದರ್ ನನ್ನನ್ನು ಆಫೀಸಿಗೆ ಕರೆಸಿ, ಪತ್ರಿಕೆಗೆ ಬರುವ ಕಥೆಗಳ ಕಟ್ಟನ್ನು ತೋರಿಸಿ, ತಮ್ಮ ಸಂಕಟ ಹೇಳಿಕೊಂಡರು. ಎಲ್ಲದರಲ್ಲೂ ಒಬ್ಬ ಕುಡುಕ ಗಂಡ, ಒಂದು ಆಕ್ಸಿಡೆಂಟು, ಆಸ್ಪತ್ರೆಯ ಹಾಸಿಗೆ, ಪಕ್ಕದಲ್ಲಿ ಒಬ್ಬ ಸಿಸ್ಟರು, ಗೋಡೆಯ ಮೇಲೆ ಶಿಲುಬೆ, ಆಮೇಲೆ ಕಣ್ಣೀರು. ಓದಿ ಓದಿ ಅವರಿಗೆ ಸಾಕಾಗಿತ್ತಂತೆ. ನಿಮ್ಮ ಜೀವನದಲ್ಲೇ ಆದದ್ದು ಏನಾದರೂ ಇದ್ದರೆ ಕಥೆ ಮಾಡಿ, ಎಂಟು ಕಂತು ಬರಲಿ, ಈಸ್ಟರ್ ಸಂಚಿಕೆಗೆ ಮುಗಿಯಲಿ ಎಂದರು.

ನನ್ನ ಜೀವನದಲ್ಲಿ ಆದದ್ದು ಎಂದರೆ ಒಂದೇ ಒಂದು. ನನಗೂ ನನ್ನ ಅಕ್ಕ ಫಿಲೋಮಿನಾಳಿಗೂ ಐದು ವರ್ಷದಿಂದ ಮಾತಿರಲಿಲ್ಲ. ಅವಳ ಮನೆ ಅದೇ ಊರಿನ ಇನ್ನೊಂದು ಬದಿಯ ಶ್ರೀರಾಂಪುರದಲ್ಲಿ, ನನ್ನದು ಹೂಟಗಳ್ಳಿಯಲ್ಲಿ. ಆದರೂ ಇಬ್ಬರೂ ಚಿಕ್ಕಂದಿನಿಂದ ಹೋಗುತ್ತಿದ್ದ ಹಳೇ ಚರ್ಚನ್ನು ಬಿಟ್ಟಿರಲಿಲ್ಲ. ಬದಲಿಗೆ ಪೂಜೆಗಳನ್ನು ಹಂಚಿಕೊಂಡಿದ್ದೆವು. ಭಾನುವಾರ ಆರು ಗಂಟೆಯದು ಅವಳದು, ಎಂಟು ಗಂಟೆಯದು ನನ್ನದು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿಯೇ ಆದ ಏರ್ಪಾಡು. ಒಮ್ಮೆ ಮಾತ್ರ ಮೊದಲ ಪೂಜೆಯಲ್ಲಿ ಫಾದರ್ ಉಪದೇಶ ಉದ್ದವಾಗಿ, ಬಾಗಿಲ ಬಳಿಯ ತೀರ್ಥದ ಬಟ್ಟಲಿಗೆ ಇಬ್ಬರೂ ಒಟ್ಟಿಗೆ ಬೆರಳು ಅದ್ದುವ ಹಾಗಾಯಿತು. ಇಬ್ಬರೂ ಶಿಲುಬೆಯ ಗುರುತು ಹಾಕಿಕೊಂಡೆವು, ಅವಳು ರಸ್ತೆಯ ಕಡೆ ನೋಡಿದಳು, ನಾನು ಪೀಠದ ಕಡೆ ನೋಡಿದೆ. ಬಟ್ಟಲಿನ ನೀರು ಅಲ್ಲಾಡುತ್ತಿತ್ತು.

ಕಾರಣ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅಮ್ಮ ಕೊನೆಯ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದಳು, ಅದೂ ಅಕ್ಕನ ಮನೆಯಲ್ಲಿ. ನಾನು ವಾರಕ್ಕೊಮ್ಮೆ ಸೇಬು ಹಣ್ಣು ಮತ್ತು ಸಲಹೆಗಳನ್ನು ತೆಗೆದುಕೊಂಡು ಹೋಗುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಅಕ್ಕ ನನಗೆ ವಹಿಸಿದ್ದು ಒಂದೇ ಕೆಲಸ, ಸಮಾಧಿಯ ಕಲ್ಲು. ಮನೆಯಲ್ಲಿ ಬರೆಯುವವನು ನಾನೇ ಅಲ್ಲವೇ. ನಾನು ಅಮ್ಮನ ಮೇಲೆ ಎಂಟು ಸಾಲಿನ ಪದ್ಯ ಬರೆದೆ. ಉದಯಗಿರಿಯ ಹತ್ತಿರ ಕಲ್ಲು ಕೆತ್ತುವವರೊಬ್ಬರು ಅಳತೆ ಹಿಡಿದು ನೋಡಿ, ಪದ್ಯ ಹಾಕಿದರೆ ಮಕ್ಕಳ ಹೆಸರಿಗೆ ಜಾಗ ಉಳಿಯುವುದಿಲ್ಲ, ಎರಡರಲ್ಲಿ ಒಂದು ಹೇಳಿ ಸಾರ್ ಎಂದರು. ಪದ್ಯದಲ್ಲಿ ಎರಡು ಸಾಲು ಕಡಿಮೆ ಮಾಡಬಹುದಿತ್ತು. ಆದರೆ ಮೂರನೆಯ ಸಾಲಿಗೂ ನಾಲ್ಕನೆಯದಕ್ಕೂ ಪ್ರಾಸ ಅಷ್ಟು ಚೆನ್ನಾಗಿ ಕೂತಿತ್ತು, ಐದಕ್ಕೂ ಆರಕ್ಕೂ ಇನ್ನೂ ಚೆನ್ನಾಗಿತ್ತು. ಪದ್ಯವನ್ನೇ ಹಾಕಿಸಿದೆ. ಪದ್ಯದ ಕೆಳಗೆ ಬರೆದವರ ಹೆಸರು ಹಾಕುವುದು ವಾಡಿಕೆಯಲ್ಲವೇ ಎಂದು ನನ್ನ ಹೆಸರನ್ನೂ ಹಾಕಿಸಿದೆ. ಅದಕ್ಕೆ ಮಾತ್ರ ಜಾಗ ಸಿಕ್ಕಿತು.

ವರ್ಷದ ಪೂಜೆಯ ದಿನ ಫಾದರ್ ಬಂದು ಕಲ್ಲಿಗೆ ಆಶೀರ್ವಾದ ಮಾಡಿದರು. ಅಕ್ಕ ಚೆಂಡುಹೂವು, ಮೇಣದ ಬತ್ತಿ ಹಿಡಿದು ಬಂದಳು. ಬಗ್ಗಿ ಕಲ್ಲನ್ನು ಮೇಲಿನಿಂದ ಕೆಳಗೆ ಓದಿದಳು, ಮತ್ತೆ ಕೆಳಗಿನಿಂದ ಮೇಲೆ ಓದಿದಳು, ಹೂವು ಇಟ್ಟಳು. ತುಂಬ ಚೆನ್ನಾಗಿ ಬರೆದಿದ್ದೀಯ ಎಂದು ಹೇಳಿ ಹೊರಟುಹೋದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಎರಡು ದಿನ ಖುಷಿಯಲ್ಲಿದ್ದೆ. ಮೂರನೆಯ ದಿನ ನನ್ನ ಹೆಂಡತಿ ಸ್ಟೆಲ್ಲಾ ಬಿಡಿಸಿ ಹೇಳಿದಳು. ಆಗಲೇ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಮೊದಲು ನಾಚಿಕೆ ತಡೆಯಿತು, ಆಮೇಲೆ ನಾಚಿಕೆ ಹಳತಾಗಿ ಕೋಪವಾಯಿತು. ಹೆಸರು ಕಲ್ಲಿನ ಮೇಲೆ ಇಲ್ಲದಿದ್ದರೇನು, ಅಷ್ಟಕ್ಕೇ ಮಾತು ಬಿಡುವುದೇ ಎಂದು ನಾನೇ ಮುನಿಸಿಕೊಂಡು ಕೂತೆ.

ಈಗ ಫಾದರ್ ಅನುಭವದಿಂದ ಬರೆಯಿರಿ ಎಂದಾಗ ನಾನು ಈ ಅನುಭವವನ್ನೇ ತೆಗೆದುಕೊಂಡೆ. ಆದರೆ ಇದ್ದದ್ದನ್ನು ಇದ್ದ ಹಾಗೇ ಬರೆದರೆ ಅದು ಕಥೆ ಹೇಗಾಗುತ್ತದೆ. ಸ್ವಲ್ಪ ಬದಲಾಯಿಸಿದೆ. ಕಲ್ಲಿನ ಬದಲು ಅಮ್ಮನ ಹೊಲಿಗೆ ಮಿಶಿನ್ ಬಂತು. ತಮ್ಮನಿಗೆ ಸಿರಿಲ್ ಎಂದು, ಅಕ್ಕನಿಗೆ ರೋಸಲಿನ್ ಎಂದು ಹೆಸರಿಟ್ಟೆ. ರೋಸಲಿನ್ ಯಾರಿಗೂ ಹೇಳದೆ ಮಿಶಿನ್ ಎತ್ತಿಕೊಂಡು ಹೋಗುತ್ತಾಳೆ, ಮೇಲೆ ಕಹಿ ಮಾತಾಡುತ್ತಾಳೆ. ಸಿರಿಲ್ ಏನೂ ಅನ್ನುವುದಿಲ್ಲ. ಅವಮಾನವನ್ನು ಮಜ್ಜಿಗೆಯ ಹಾಗೆ ಕುಡಿದು ಜಪಸರ ಹಿಡಿದು ಕೂರುತ್ತಾನೆ. ಒಂದೊಂದು ಕಂತಿಗೂ ಸಿರಿಲ್ ಒಳ್ಳೆಯವನಾಗುತ್ತ ಹೋದ. ನಾನು ತಡೆಯಲು ಪ್ರಯತ್ನ ಪಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಐದನೆಯ ಕಂತಿಗೆ ಎಂಟು ಗಂಟೆಯ ಪೂಜೆಯ ಹೆಂಗಸರು ಅತ್ತರು. ಏಳನೆಯ ಕಂತು ಬಂದ ಭಾನುವಾರ ನಿವೃತ್ತ ಮೇಷ್ಟ್ರೊಬ್ಬರು ನನ್ನ ಎರಡೂ ಕೈ ಹಿಡಿದು, ಆ ಸಿರಿಲ್ ನೀವೇ ಅಲ್ಲವೇ, ನಿಮ್ಮ ಮುಖದಲ್ಲೇ ಕಾಣುತ್ತೆ ಎಂದರು. ನಾನು ಅಲ್ಲ ಎನ್ನಲಿಲ್ಲ. ಕಣ್ಣು ಕೆಳಗೆ ಮಾಡಿ, ಸಿರಿಲ್ ನಗುವ ಹಾಗೆಯೇ ಸಣ್ಣಗೆ ನಕ್ಕೆ.

ಆ ನಗುವೇ ನನಗೆ ಮುಳುವಾಯಿತು. ಎಂಟನೆಯ ಕಂತಿನಲ್ಲಿ ರೋಸಲಿನ್ ಬಂದು ತಮ್ಮನ ಕಾಲ ಬಳಿ ಕೂತು ಅಳಬೇಕು, ಸಿರಿಲ್ ಎಬ್ಬಿಸಬೇಕು. ಬರೆಯಲು ಕೂತರೆ ಅವಳು ಬರುವುದೇ ಇಲ್ಲ. ಬಾಗಿಲ ತನಕ ಕರೆತಂದು ನಿಲ್ಲಿಸುತ್ತೇನೆ, ಅವಳು ಅಕ್ಕನ ಮುಖ ಹೊತ್ತು, ತುಂಬ ಚೆನ್ನಾಗಿ ಬರೆದಿದ್ದೀಯ ಎಂದು ಹೇಳಿ ಹಿಂತಿರುಗುತ್ತಾಳೆ. ನಾನು ಕೂತಲ್ಲಿ ಕೂರಲಾರದವನಾದೆ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಹಾಲಿಗೆ. ಫ್ರಿಜ್ ತೆಗೆದು ಒಳಗೆ ನೋಡಿ ಮುಚ್ಚುವುದು, ಪೆನ್ನಿನ ಇಂಕು ಮುಗಿದಿದೆಯೇ ಎಂದು ಪರೀಕ್ಷಿಸುವುದು, ಗೇಟಿನ ಚಿಲಕಕ್ಕೆ ಎಣ್ಣೆ ಬಿಡುವುದು. ಮೂರು ದಿನ ನೋಡಿದ ಸ್ಟೆಲ್ಲಾ, ಒಂದು ಕಡೆ ಕೂತುಕೊಳ್ಳಿ ಇಲ್ಲದಿದ್ದರೆ ಕೈಗೆ ಪೊರಕೆ ಕೊಡುತ್ತೇನೆ, ಓಡಾಡುವುದರಲ್ಲಿ ಮನೆಯಾದರೂ ಗುಡಿಸಿದ ಹಾಗಾಗುತ್ತದೆ ಎಂದಳು.

ಶನಿವಾರ ಸಂಜೆ ಪಾಪನಿವೇದನೆಗೆ ಹೋದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲವಾದ್ದರಿಂದ ಸಾಲು ಉದ್ದವಿತ್ತು. ನನ್ನ ಸರದಿ ಬಂದು ಜಾಲರಿಯ ಈಚೆ ಮೊಣಕಾಲೂರಿದೆ. ಆಚೆ ಇದ್ದವರು ಫಾದರೇ. ಅಲ್ಲಿ ಅವರು ಸಂಪಾದಕರಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಆದರೆ ತಲೆ ತುಂಬ ಕಥೆಯೇ ಇದ್ದದ್ದರಿಂದ, ಎಂಟನೆಯ ಕಂತಿನಲ್ಲಿ ಒಂದು ತೊಡಕು ಬಂದಿದೆ ಫಾದರ್ ಎಂದು ಶುರು ಮಾಡಿಬಿಟ್ಟೆ. ಜಾಲರಿಯ ಆಚೆ ಉದ್ದವಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಕಥೆ ಬೇಡ," ಎಂದರು. "ಪಾಪ ಹೇಳಿ."

ಹೇಳಿದೆ. ಕಲ್ಲು, ಪದ್ಯ, ಪದ್ಯದ ಕೆಳಗಿನ ಹೆಸರು, ಆಮೇಲೆ ತಪ್ಪನ್ನೆಲ್ಲ ಅಕ್ಕನ ತಲೆಗೆ ಕಟ್ಟಿ ಏಳು ಕಂತು ಅಚ್ಚು ಹಾಕಿಸಿದ್ದು, ಮೇಷ್ಟ್ರ ಮುಂದೆ ನಕ್ಕದ್ದು. ನನ್ನ ಹಿಂದಿನ ಸಾಲಿನಲ್ಲಿ ಜನ ಕೆಮ್ಮತೊಡಗಿದರು. ಫಾದರ್ ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಪಶ್ಚಾತ್ತಾಪಕ್ಕೆ ಅವರ ಮನಸ್ಸು ಕರಗಿದೆ ಎಂದುಕೊಂಡೆ. ಕೊನೆಯ ಕಂತು ಬರೆಯುವ ಮೊದಲು ಅಕ್ಕನ ಮನೆಗೆ ಹೋಗಿ ಬಾಯಿಬಿಟ್ಟು ಕ್ಷಮೆ ಕೇಳಬೇಕು, ಅದೇ ನಿಮ್ಮ ಪ್ರಾಯಶ್ಚಿತ್ತ ಎಂದರು. ಸಾಮಾನ್ಯವಾಗಿ ಅವರು ಕೊಡುವುದು ಮೂರೋ ಐದೋ ಪ್ರಾರ್ಥನೆ. ನಾನು ಚೌಕಾಸಿಗೆ ಇಳಿದೆ. ಅದರ ಬದಲು ಹತ್ತು ಜಪಸರ ಹೇಳುತ್ತೇನೆ ಫಾದರ್ ಎಂದೆ. ಅದನ್ನೂ ಹೇಳಿ ಎಂದರು.

ನಮ್ಮವರಲ್ಲದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಯಾರ ಮುಂದೆಯೂ ಎತ್ತುವಂತಿಲ್ಲ, ಜೀವ ಹೋದರೂ ಇಲ್ಲ. ನಿವೇದಿಸಿದವನ ಮುಂದೆ ಕೂಡ ತಾವಾಗಿ ಎತ್ತುವುದಿಲ್ಲ. ಇದು ನನಗೆ ಹುಡುಗನಾಗಿ ಮೊದಲ ಪರಮಪ್ರಸಾದ ಸ್ವೀಕರಿಸಿದ ಕಾಲದಿಂದ ಗೊತ್ತು. ಆದರೂ ಸೋಮವಾರ ಆಫೀಸಿಗೆ ಹೋಗಿ, ಕೊನೆಯ ಕಂತು ಸ್ವಲ್ಪ ತಡವಾಗಬಹುದು, ಕಾರಣ ನಿಮಗೆ ಗೊತ್ತೇ ಇದೆಯಲ್ಲ ಎಂದೆ. ಫಾದರ್ ಗೋಡೆ ಗಡಿಯಾರ ನೋಡುತ್ತ ತಮಗೇನೂ ಗೊತ್ತಿಲ್ಲ, ಶನಿವಾರ ಇಪ್ಪತ್ತನೇ ತಾರೀಖು, ಅಂದು ಕೈಗೆ ಬರಬೇಕು ಎಂದರು. ನೀವೇ ಹೇಳಿದಿರಲ್ಲ, ಅದಕ್ಕೆ ಮೊದಲು ಒಂದು ಕೆಲಸ ಆಗಬೇಕು ಅಂತ ಎಂದೆ. ನಾನೇನೂ ಹೇಳಿಲ್ಲ, ಟೀ ಕುಡಿಯುತ್ತೀರಾ ಎಂದರು. ಒಂದೇ ಮನುಷ್ಯ ಒಂದು ಬಾಯಲ್ಲಿ ಬರೆಯಬೇಡ ಎನ್ನುತ್ತಾನೆ, ಇನ್ನೊಂದು ಬಾಯಲ್ಲಿ ಬೇಗ ಬರೆ ಎನ್ನುತ್ತಾನೆ. ಜಗಳವಾಡಲು ಅವನು ಸಿಗುವುದೂ ಇಲ್ಲ. ಟೀ ಕುಡಿದು ಬಂದೆ.

ಮಂಗಳವಾರ ಸ್ಕೂಟರ್ ಹತ್ತಿ ರಿಂಗ್ ರೋಡಿಗೆ ಬಿದ್ದೆ. ಅರ್ಧ ದಾರಿಯಲ್ಲಿ ಬರಿಗೈಯಲ್ಲಿ ಹೋಗುವುದೇ ಎಂದು ಬಾಳೆಹಣ್ಣು ತೆಗೆದುಕೊಂಡೆ, ತೆಗೆದುಕೊಂಡ ಮೇಲೆ ಇದು ರೋಗಿಯನ್ನು ನೋಡಲು ಹೋದ ಹಾಗಾಗುತ್ತದೆ ಎಂದು ವಾಪಸು ಬಂದೆ. ಬುಧವಾರ ಅವಳ ಗೇಟಿನ ತನಕ ಹೋದೆ. ತಂತಿಯ ಮೇಲೆ ಒದ್ದೆ ಬಟ್ಟೆಗಳಿದ್ದವು. ಬಟ್ಟೆ ಒಗೆದು ದಣಿದಿರುತ್ತಾಳೆ, ಈಗ ಬೇಡ ಎಂದುಕೊಂಡೆ. ಗುರುವಾರ ಮನೆಯಲ್ಲೇ ಕೂತು, ಅಕ್ಕನ ಮುಂದೆ ಏನು ಹೇಳಬೇಕೆಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಎರಡೂವರೆ ಪುಟ ಆಯಿತು. ಓದಿದರೆ ಸಿರಿಲ್ ಮಾತಾಡಿದ ಹಾಗಿತ್ತು. ಸ್ಟೆಲ್ಲಾ ಆ ಪುಟಗಳನ್ನು ಓದಿ ಮಡಚಿ ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು, ನಾಳೆ ಹೋಗದಿದ್ದರೆ ತಾನೇ ಹೋಗಿ ಅತ್ತಿಗೆಯ ಮುಂದೆ ಓದಿ ಬರುವುದಾಗಿ ಹೇಳಿದಳು.

ಶುಕ್ರವಾರ ಹೋದೆ. ಅರವತ್ತೆರಡು ವರ್ಷದ ಮನುಷ್ಯನಿಗೆ ಅಕ್ಕನ ಮನೆಯ ಬೆಲ್ ಒತ್ತಲು ಧೈರ್ಯ ಬರಲಿಲ್ಲ. ಕೊನೆಗೆ ಒತ್ತಿದೆ. ಅಕ್ಕ ಬಾಗಿಲು ತೆಗೆದಳು. ಐದು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ತೀರ್ಥದ ಬಟ್ಟಲಿನ ಬಳಿ ಸಿಕ್ಕಿದಾಗ ಮುಸುಕು ಹಾಕಿದ್ದುದರಿಂದ ನನಗೆ ಅದು ತಿಳಿದೇ ಇರಲಿಲ್ಲ. ಅವಳು ನನ್ನನ್ನು ನೋಡಿದಳು, ನನ್ನ ಕಾಲು ನೋಡಿದಳು.

"ಚಪ್ಲಿ ಅಲ್ಲೇ ಬುಡು. ಈಗ್ತಾನೆ ನೆಲ ಒರ್ಸಿದೀನಿ."

ಒಳಗೆ ಹೋದೆ. ತಪಸ್ಸುಕಾಲದ ಶುಕ್ರವಾರ, ಮಾಂಸವಿಲ್ಲ. ಬಸ್ಸಾರಿನ ವಾಸನೆ ಮನೆ ತುಂಬಿತ್ತು. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ, ತಟ್ಟೆ ಹಾಕಿ ಮುದ್ದೆ ಇಟ್ಟಳು. ಬರೆದುಕೊಂಡ ಎರಡೂವರೆ ಪುಟದಲ್ಲಿ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ತಟ್ಟೆ ನೋಡುತ್ತಲೇ ಹೇಳಿದೆ.

"ಅಕ್ಕ, ಅಮ್ಮನ ಕಲ್ಲಿನ ಮೇಲೆ ನಿನ್ನ ಹೆಸರು ಇರಬೇಕಿತ್ತು. ತಪ್ಪು ನಂದು."

ಅಷ್ಟೇ. ಎರಡು ವಾಕ್ಯ. ಅಕ್ಕ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

"ನಾಕು ವರ್ಷ ಅಮ್ಮನ್ನ ಮಗ್ಗುಲು ಬದ್ಲಾಯ್ಸಿದ್ದಕ್ಕೆ ನಂಗೆ ಹೆಸ್ರು ಬೇಕಿರ್ಲಿಲ್ಲ ಕಣೋ," ಎಂದಳು. "ಆದ್ರೆ ಅವತ್ತು ಅಲ್ಲಿ ಬಗ್ಗಿ ನೋಡ್ದಾಗ, ಎಸ್ಸೆಸ್ಸೆಲ್ಸಿ ರಿಸಲ್ಟಲ್ಲಿ ನಂಬರ್ ಹುಡುಕ್ದಂಗೆ ಹುಡುಕ್ಬುಟ್ಟೆ. ಎರಡು ಸಲ ಹುಡುಕ್ದೆ."

ನನಗೆ ಅಳು ಬಂತು, ಅತ್ತೆ. ಇದರಲ್ಲಿ ಕಥೆಯ ಅಲಂಕಾರ ಏನೂ ಇಲ್ಲ, ಮೂಗು ಸೋರಿತು, ಎಡಗೈಯಲ್ಲಿ ಒರೆಸಿಕೊಂಡೆ. ಅಕ್ಕ ಅಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದಳು. ಕಲ್ಲು ತೆಗೆಸಿ ಬೇರೆ ಹಾಕಿಸುತ್ತೇನೆ ಎಂದೆ. ಬೇಡ, ಮಲಗಿರುವವಳ ತಲೆಯ ಮೇಲೆ ಮತ್ತೆ ಉಳಿ ಸುತ್ತಿಗೆ ಆಡಿಸಬೇಡ ಎಂದಳು.

ಊಟವಾದ ಮೇಲೆ ಅವಳು ಫ್ರಿಜ್ಜಿನ ಮೇಲಿಂದ ಏಳೂ ಸಂಚಿಕೆಗಳನ್ನು ತೆಗೆದಳು. ನನಗೆ ಕೂತ ನೆಲ ಬಿಸಿಯಾಯಿತು. ಆರು ಗಂಟೆಯ ಪೂಜೆಯವರೂ ಕಥೆ ಓದುತ್ತಿದ್ದರಂತೆ. ಪೂಜೆ ಮುಗಿಸಿ ಮೆಟ್ಟಿಲ ಮೇಲೆ ನಿಂತು ರೋಸಲಿನಳನ್ನು ಬೈಯುತ್ತಿದ್ದರಂತೆ, ಅಕ್ಕ ಪಕ್ಕದಲ್ಲೇ ನಿಂತು ಹೌದು ಹೌದು ಎನ್ನುತ್ತಿದ್ದಳಂತೆ. ಹೊಲಿಗೆ ಮಿಶಿನ್ನಿನ ವಿಷಯಕ್ಕೆ ಬಂದಾಗ ಮಾತ್ರ ಅವಳ ದನಿ ಏರಿತು, ಯಾಕೆಂದರೆ ಅಮ್ಮನ ಮಿಶಿನ್ ಇರುವುದು ನನ್ನ ಮನೆಯಲ್ಲಿ. ಸ್ಟೆಲ್ಲಾ ಅದರ ಮೇಲೆ ಟಿವಿ ಇಟ್ಟಿದ್ದಾಳೆ. ಪ್ರತಿ ತಿಂಗಳೂ ಸಂಚಿಕೆ ಬಂದ ದಿನ ಅಕ್ಕ ನನ್ನನ್ನು ಮನಸಾರೆ ಶಪಿಸಿ, ಆ ವಾರದ ಶನಿವಾರ ಹೋಗಿ ಅದನ್ನು ಪಾಪನಿವೇದನೆಯಲ್ಲಿ ಹೇಳಿ ಬರುತ್ತಿದ್ದಳಂತೆ. ಅದೇ ಫಾದರ್ ಹತ್ತಿರ. ಅವರು ಅವಳಿಗೂ ಪ್ರಾಯಶ್ಚಿತ್ತ ಕೊಟ್ಟಿದ್ದರಂತೆ, ತಮ್ಮನಿಗೆ ಒಂದು ಫೋನ್ ಮಾಡಬೇಕೆಂದು. ನಾಲ್ಕು ತಿಂಗಳಿಂದ ಬಾಕಿ ಉಳಿಸಿಕೊಂಡಿದ್ದಾಳೆ. ಜಾಲರಿಯ ಆಚೆ ಫಾದರ್ ಅಷ್ಟು ಹೊತ್ತು ಸುಮ್ಮನಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಪಾಪ, ಅಕ್ಕನ ಕಡೆಯ ಸಾಕ್ಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕಂತು ಕಂತಾಗಿ ನನ್ನ ಕಥೆಯ ಕರಡು ತಿದ್ದುತ್ತಿದ್ದರು. ಅಕ್ಕನಿಗೆ ಈಗ ಒಂದೇ ಸಂದೇಹ. ನೀನೇ ಬಂದುಬಿಟ್ಟಿಯಲ್ಲ, ನನ್ನದು ವಜಾ ಆದ ಹಾಗೆ ತಾನೇ ಎಂದು ಕೇಳಿದಳು. ನನಗೆ ಅಷ್ಟು ಧರ್ಮಶಾಸ್ತ್ರ ಗೊತ್ತಿಲ್ಲ.

ಕೊನೆಯ ಕಂತಿನಲ್ಲಿ ಎಲ್ಲವನ್ನೂ ತಿರುಗಿಸಿ ಬರೆಯುತ್ತೇನೆ, ತಪ್ಪು ಸಿರಿಲನದೇ ಎಂದು ಇಡೀ ಚರ್ಚಿಗೆ ಗೊತ್ತಾಗಲಿ ಎಂದೆ. ಹೇಳುವಾಗಲೇ ಆ ದೃಶ್ಯ ಕಣ್ಣಿಗೆ ಕಟ್ಟಿತು, ಮೊದಲ ವಾಕ್ಯವೂ ಹೊಳೆದುಬಿಟ್ಟಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅರವತ್ತೆರಡು ವರ್ಷದಿಂದ ಈ ಮುಖ ಗೊತ್ತು.

"ಬ್ಯಾಡ," ಎಂದಳು. "ರೋಸಲಿನ್ ಕಾಲಿಗೆ ಬಿದ್ರೆ ಬೀಳ್ಲಿ, ಜನಕ್ಕೆ ಅದೇ ಬೇಕು. ಆದ್ರೆ ಇವತ್ತು ಈ ಅಡ್ಗೆಮನೇಲಿ ಆಯ್ತಲ್ಲ, ಇದು ನಮ್ಮಿಬ್ರುದು. ಇದನ್ನ ಕಥೆ ಮಾಡ್ಬ್ಯಾಡ. ಮಾತು ಕೊಡು."

ಕೊಟ್ಟೆ.

ಅಂದು ಸಂಜೆ ಮನೆಗೆ ಬಂದು ಎಂಟನೆಯ ಕಂತನ್ನು ಒಂದೇ ಉಸಿರಿಗೆ ಬರೆದೆ. ರೋಸಲಿನ್ ಬಂದಳು, ಅತ್ತಳು, ಸಿರಿಲ್ ಎಬ್ಬಿಸಿದ, ಗಂಟೆ ಬಾರಿಸಿತು. ಶನಿವಾರ ಫಾದರ್ ನಿಂತಲ್ಲೇ ಓದಿ, ಮುಖ ಸಣ್ಣಗೆ ಮಾಡಿ ಫೈಲಿಗೆ ಹಾಕಿದರು. ಪ್ರಾಯಶ್ಚಿತ್ತ ಆಯಿತೇ ಎಂದು ಕೇಳುವಂತಿಲ್ಲ. ಆ ಕಡೆ ಈ ಕಡೆ ನೋಡಿ, ಊಟ ಆಯಿತೇ ಎಂದು ಕೇಳಿದರು. ನಿನ್ನೆ ಆಯಿತು ಫಾದರ್, ಶ್ರೀರಾಂಪುರದಲ್ಲಿ, ಮುದ್ದೆ ಬಸ್ಸಾರು ಎಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಹೊಟ್ಟೆ ತುಂಬ ಆಯಿತೇ ಎಂದರು. ಆಯಿತು ಎಂದೆ. ಒಳ್ಳೆಯದು, ಹೊಟ್ಟೆ ತುಂಬಿದರೆ ಒಳ್ಳೆಯದು ಎಂದು ಇನ್ನೊಂದು ಟೀ ಹೇಳಿದರು.

ಈಸ್ಟರ್ ಸಂಚಿಕೆ ಬಂತು. ಮೇಷ್ಟ್ರು ನನ್ನನ್ನು ಅಪ್ಪಿಕೊಂಡರು. ಅಕ್ಕ ಈಗ ಎಂಟರ ಪೂಜೆಗೇ ಬರುತ್ತಾಳೆ. ನನ್ನನ್ನು ಜನ ಹೊಗಳುವಾಗ ಹೆಂಗಸರ ಸಾಲಿನಿಂದ ತಲೆ ತಿರುಗಿಸಿ ನೋಡುತ್ತಾಳೆ. ನನಗೆ ಬೇರೆಯೇ ತಳಮಳ ಶುರುವಾಯಿತು. ನಾನು ಬರೆದ ಸುಳ್ಳು ಅಚ್ಚಾಗಿ ಮನೆ ಮನೆ ಸೇರಿತು, ನನ್ನ ಬದುಕಿನಲ್ಲಿ ನಿಜವಾಗಿ ಆದ ಒಂದೇ ಒಂದು ಒಳ್ಳೆಯ ದೃಶ್ಯ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು. ಎರಡು ತಿಂಗಳು ತಡೆದುಕೊಂಡೆ. ಆಮೇಲೆ ನನಗೆ ಹೊಳೆಯಿತು, ಅಕ್ಕ ಕಥೆ ಮಾಡಬೇಡ ಎಂದಿದ್ದಳೇ ಹೊರತು ಪ್ರಬಂಧದ ಬಗ್ಗೆ ಏನೂ ಹೇಳಿರಲಿಲ್ಲ. ಅವಳು ಓದುವುದೂ ಚರ್ಚಿನ ಪತ್ರಿಕೆಯೊಂದನ್ನೇ. ಹಾಗೆಂದು ಸಮಾಧಾನ ಮಾಡಿಕೊಂಡು ಇದನ್ನು ಬರೆದು, ಬೇರೆ ಪತ್ರಿಕೆಗೆ ಕಳಿಸುವ ಮೊದಲು ಸ್ಟೆಲ್ಲಾಗೆ ತೋರಿಸಿದೆ. ಅವಳು ತರಕಾರಿ ಹೆಚ್ಚುವುದನ್ನು ಬಿಟ್ಟು ಪೂರ್ತಿ ಓದಿದಳು.

"ಇದ್ರಲ್ಲೂ ಕೊನೇಗೆ ನೀವೇ ಒಳ್ಳೆಯವ್ರಾಗ್ಬುಟ್ರಲ್ರೀ," ಎಂದಳು. "ತಪ್ಪು ಒಪ್ಕೊಂಡ ದೊಡ್ಡ ಮನುಷ್ಯ ಅಂತ."

ನನಗೆ ಮೈಯೆಲ್ಲ ಉರಿಯಿತು. ಅವಳ ಆ ಮಾತನ್ನು ಇದರಲ್ಲಿ ಸೇರಿಸಬಾರದು ಎಂದುಕೊಂಡೆ. ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ, ಎದ್ದು ಹಿತ್ತಲಿಗೆ ಹೋಗಿ ಬಂದೆ. ಕೊನೆಗೆ ಸತ್ಯವಾದದ್ದು ಇರಲಿ ಎಂದು ಹಾಗೆಯೇ ಉಳಿಸಿದೆ. ಉಳಿಸಿದ ಮರುಕ್ಷಣ, ನನ್ನಂಥವನಲ್ಲದೆ ಬೇರೆ ಯಾರು ಹೀಗೆ ಉಳಿಸುತ್ತಿದ್ದರು ಎಂದು ನನ್ನ ಮೇಲೆ ನನಗೇ ಬಹಳ ಅಭಿಮಾನವಾಯಿತು.